ಅಮೆರೆತಾತ್: ಗಿಡಮರಗಳ ದೇವತೆಯನ್ನು ಚಿತ್ರಿಸುವುದು ಹೇಗೆ?

ಪ್ರಾಚೀನ ಇರಾನಿನ ಪ್ರವಾದಿ ಜರತುಷ್ಟ್ರನ ಧರ್ಮದ, ಅಂದರೆ ಪಾರ್ಸಿಗಳ ಧರ್ಮದ ಬಗ್ಗೆ ಓದಲು ಕೂತರೆ ‘ಅಮೆಶ ಸ್ಪೆಂತ’ ಎಂಬ ಹೆಸರು ಬಹುಬೇಗ ಎದುರಾಗುತ್ತದೆ. ಪರಮದೈವ ಅಹುರ ಮಜ್ದಾನಿಂದ ಹೊಮ್ಮಿದ ಆರು ಪುಣ್ಯಶಕ್ತಿಗಳು ಇವು. ಒಂದೊಂದೂ ಒಂದು ಸದ್ಗುಣ, ಜೊತೆಗೆ ಸೃಷ್ಟಿಯ ಒಂದು ಭಾಗದ ಕಾವಲು. ಸತ್ಯದ ಶಕ್ತಿ ಬೆಂಕಿಯನ್ನು ಕಾಯುತ್ತದೆ, ಭಕ್ತಿಯ ಶಕ್ತಿ ಭೂಮಿಯನ್ನು, ಒಳ್ಳೆಯ ಮನಸ್ಸಿನ ಶಕ್ತಿ ಹಸುವನ್ನು. ಸಾಲಿನ ಕೊನೆಯವಳು ಅಮೆರೆತಾತ್. ಅವಳ ಗುಣ ಅಮರತ್ವ, ಅವಳ ಪಾಲಿಗೆ ಬಂದದ್ದು ಗಿಡಮರಗಳು.

ಈ ಧರ್ಮದ ಪವಿತ್ರಗ್ರಂಥವಾದ ಅವೆಸ್ತಾದ ಭಾಷೆ ವೇದಗಳ ಸಂಸ್ಕೃತಕ್ಕೆ ತೀರ ಹತ್ತಿರದ್ದು. ‘ಅಮೃತ’ ಎಂಬ ಮಾತು ಬಲ್ಲವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕಾಲದ ಇರಾನಿನ ಪಹ್ಲವಿ ಭಾಷೆಗೆ ಬರುವಾಗ ಹೆಸರು ‘ಅಮುರ್ದಾದ್’ ಆಯಿತು. ಇಂದಿನ ಇರಾನಿನಲ್ಲಿ ವರ್ಷದ ಐದನೇ ತಿಂಗಳಾದ ‘ಮೊರ್ದಾದ್’, ಅಂದರೆ ನಮ್ಮ ಜುಲೈ–ಆಗಸ್ಟ್ ಬಿಸಿಲ ದಿನಗಳು, ಅವಳ ಹೆಸರಿನಲ್ಲಿದೆ. ಜರತುಷ್ಟ್ರೀಯರ ಪಂಚಾಂಗದಲ್ಲಿ ಪ್ರತಿ ತಿಂಗಳ ಏಳನೇ ದಿನವೂ ಅವಳದೇ. ಆ ದಿನ ಅವಳದೇ ತಿಂಗಳಲ್ಲಿ ಬಂದಾಗ ಅಮೊರ್ದಾದ್ಗಾನ್ ಹಬ್ಬ.

ಅವಳ ಚಿತ್ರ ಬರೆಯಹೊರಟವರಿಗೆ ಮೊದಲು ಕಾಡುವುದು ಮಾದರಿಯ ಕೊರತೆ. ನಮ್ಮ ದೇವಸ್ಥಾನಗಳಲ್ಲಿರುವಂತೆ ಕೈ ಇಷ್ಟು, ಆಯುಧ ಇಂಥದ್ದು, ವಾಹನ ಇದು ಎಂದು ಹೇಳುವ ಶಿಲ್ಪಶಾಸ್ತ್ರ ಈ ಪರಂಪರೆಯಲ್ಲಿ ಇಲ್ಲ. ಪರ್ಷಿಯನ್ನರಿಗೆ ವಿಗ್ರಹವಿಡುವ ರೂಢಿಯೇ ಇಲ್ಲ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಹಾಗಂತ ಪೂರ್ತಿ ಖಾಲಿಯೂ ಅಲ್ಲ. ಉಜ್ಬೇಕಿಸ್ತಾನದ ಸಮರ್ಕಂದ್ ಸೀಮೆಯ ಬಿಯಾನೈಮಾನ್‌ನಲ್ಲಿ ಸಿಕ್ಕ ಸುಟ್ಟ ಮಣ್ಣಿನ ಅಸ್ಥಿಪೆಟ್ಟಿಗೆಗಳ ಮೇಲೆ, ಕಮಾನುಗಳ ಕೆಳಗೆ ಸಾಲಾಗಿ ನಿಂತ ಆಕೃತಿಗಳಿವೆ. ಫ್ರೆಂಚ್ ವಿದ್ವಾಂಸ ಫ್ರಾಂಜ್ ಗ್ರೆನೆ ಅವುಗಳಲ್ಲಿ ಅಮೆಶ ಸ್ಪೆಂತರನ್ನು ಗುರುತಿಸಿದ್ದಾರೆ. ಹಳೆಯ ಆಧಾರ ಬೇಕೆನ್ನುವ ಚಿತ್ರಕಾರರು ಉಡುಪು, ಮುಡಿ, ನಿಲುವುಗಳಿಗೆ ಅಲ್ಲಿಂದ ಶುರುಮಾಡಬಹುದು. ಬಿಳಿ ನಿಲುವಂಗಿ ತೊಡಿಸಿ, ಬೆನ್ನಿಗೆ ಹಂಸದ ರೆಕ್ಕೆ ಹಚ್ಚಿ, ಕೈಗೊಂದು ಹೂಗೊಂಚಲು ಕೊಟ್ಟುಬಿಡುವುದು ಸುಲಭ. ಆದರೆ ಅದು ಯುರೋಪಿನ ಚರ್ಚುಗಳ ದೇವದೂತೆ, ಅಮೆರೆತಾತ್ ಅಲ್ಲ.

ಹೆಣ್ಣೋ ಗಂಡೋ? ಅವೆಸ್ತಾದಲ್ಲಿ ಹೆಸರು ಸ್ತ್ರೀಲಿಂಗ. ಪಹ್ಲವಿಯಲ್ಲಿ ವ್ಯಾಕರಣದ ಲಿಂಗಭೇದವೇ ಅಳಿದುಹೋದ ಕಾರಣ ಮುಂದಿನ ಗ್ರಂಥಗಳಲ್ಲಿ ಹೆಸರಿನಿಂದ ಇದು ತಿಳಿಯುವುದಿಲ್ಲ. ಹೆಣ್ಣಾಗಿ ಬರೆಯುವುದೇ ಸರಿ ಎಂಬುದು ನನ್ನ ನಿಲುವು.

ರೂಪ ಸಿಗದಿದ್ದರೂ ಅವಳು ಮಾಡಿದ ಕೆಲಸದ ವಿವರ ಮಾತ್ರ ಸೊಗಸಾಗಿ ಸಿಗುತ್ತದೆ. ಅದು ಇರುವುದು ಬುಂದಹಿಷ್ನ್ ಎಂಬ ಪಹ್ಲವಿ ಸೃಷ್ಟಿಗ್ರಂಥದಲ್ಲಿ. ಆದಿಯಲ್ಲಿದ್ದ ಸಸ್ಯಕ್ಕೆ ತೊಗಟೆಯಿರಲಿಲ್ಲ, ಮುಳ್ಳಿರಲಿಲ್ಲ. ದುಷ್ಟಶಕ್ತಿ ಅಹ್ರಿಮನ್ ಲೋಕದೊಳಗೆ ನುಗ್ಗಿದಾಗ ಅದು ಬಾಡಿತು. ಆಗ ಅಮುರ್ದಾದ್, ಸಸ್ಯ ತನ್ನದಾದ್ದರಿಂದ, ಅದನ್ನು ಎತ್ತಿಕೊಂಡು ಕುಟ್ಟಿ ಪುಡಿಮಾಡಿ, ಮಳೆಯ ನಕ್ಷತ್ರದೇವತೆ ತಿಷ್ಟ್ರ್ಯ ಹಿಡಿದು ತಂದಿದ್ದ ನೀರಿಗೆ ಬೆರೆಸಿದಳು. ತಿಷ್ಟ್ರ್ಯ ಆ ನೀರನ್ನು ಭೂಮಿಯ ಮೇಲೆಲ್ಲ ಸುರಿಸಿದ. ಮನುಷ್ಯನ ತಲೆಯ ಮೇಲೆ ಕೂದಲು ಬೆಳೆದಂತೆ ನೆಲದ ತುಂಬ ಗಿಡಗಳೆದ್ದವು. ಅಹ್ರಿಮನ್ ಸೃಷ್ಟಿಸಿದ ಹತ್ತು ಸಾವಿರ ರೋಗಗಳಿಗೆ ಎದುರಾಗಿ ಹತ್ತು ಸಾವಿರ ಬಗೆಯ ಗಿಡಗಳು, ಅವುಗಳಿಂದ ಮುಂದೆ ಒಂದು ಲಕ್ಷ ಬಗೆ.

ಚಿತ್ರಕ್ಕೆ ಬೇಕಾದ್ದೆಲ್ಲ ಇಲ್ಲೇ ಇದೆ. ಅಮರತ್ವದ ದೇವತೆ ಬಾಡಿದ ಗಿಡವನ್ನು ಮಂತ್ರ ಹಾಕಿ ಚಿಗುರಿಸಲಿಲ್ಲ. ಕುಟ್ಟಿದಳು, ಕರಗಿಸಿದಳು, ಹಂಚಿದಳು. ಒಂದೇ ಗಿಡ ಸಾಯದೆ ಉಳಿಯುವುದಕ್ಕಿಂತ ಅದು ಲಕ್ಷ ಗಿಡಗಳಾಗಿ ಮರಳಿ ಬರುವುದು ಇಲ್ಲಿ ಅಮರತ್ವ. ಆದ್ದರಿಂದ ಅವಳ ಕೈಗೆ ಹೂವಿಗಿಂತ ಮೊದಲು ಕುಟ್ಟಾಣಿ ಬರಬೇಕು. ಅದು ಕಲ್ಪನೆಯ ವಸ್ತುವೂ ಅಲ್ಲ. ಪಾರ್ಸಿಗಳ ಯಸ್ನ ಪೂಜೆಯಲ್ಲಿ ಇಂದಿಗೂ ಪುರೋಹಿತರು ‘ಹಾವನ್’ ಎಂಬ ಲೋಹದ ಕುಟ್ಟಾಣಿಯಲ್ಲಿ ‘ಹಓಮ’ ಎಂಬ ಪವಿತ್ರ ಸಸ್ಯದ ಕಡ್ಡಿಗಳನ್ನೂ ದಾಳಿಂಬೆಯ ಕಡ್ಡಿಯನ್ನೂ ನೀರು ಸೇರಿಸಿ ಕುಟ್ಟಿ ರಸ ಸೋಸುತ್ತಾರೆ. ಕುಟ್ಟುವಾಗ ಲೋಹ ಠಣ್ ಠಣ್ ಎನ್ನುತ್ತದೆ. ಬುಂದಹಿಷ್ನ್‌ನ ಆ ಕಥೆಯನ್ನು ಈ ಪೂಜೆಯ ಪಕ್ಕದಲ್ಲಿಟ್ಟು ಓದಿದರೆ ಎರಡೂ ಒಂದೇ ಕೆಲಸ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾವನ್‌ನ ಆಕಾರವನ್ನೇ ನೋಡಿ ಬರೆದರೆ ಚಿತ್ರ ಪಾರ್ಸಿ ಮನೆಗಳಲ್ಲೂ ಗುರುತು ಸಿಗುತ್ತದೆ.

ತೊಗಟೆ, ಮುಳ್ಳುಗಳ ವಿವರವನ್ನೂ ಬಿಡಬಾರದು. ಕೈಯಲ್ಲಿರುವ ಬಾಡಿದ ಆದಿಸಸ್ಯದ ಕಾಂಡ ನುಣುಪಾಗಿರಲಿ. ಕಾಲ ಬಳಿ ಮೇಲೇಳುವ ಹೊಸ ಗಿಡಗಳಿಗೆ ತೊಗಟೆಯೂ ಇರಲಿ, ಮುಳ್ಳೂ ಇರಲಿ. ಕೇಡು ಬಂದ ನಂತರದ ಲೋಕ ಇದು ಎಂದು ಆ ಒಂದು ವ್ಯತ್ಯಾಸವೇ ಹೇಳುತ್ತದೆ.

ಇನ್ನು ಹೂವು. ಬುಂದಹಿಷ್ನ್ ಒಬ್ಬೊಬ್ಬ ದೇವತೆಗೂ ಒಂದೊಂದು ಹೂವನ್ನು ಗೊತ್ತುಮಾಡುತ್ತದೆ. ಅಮುರ್ದಾದ್‌ಗೆ ಕೊಟ್ಟಿರುವುದು ಚಂಪಕ, ನಮ್ಮ ಸಂಪಿಗೆ! ಇಲ್ಲಿ ಒಂದು ಎಚ್ಚರ ಬೇಕು. ಉತ್ತರದ ಕಡೆ ‘ಚಂಪಾ’ ಎಂದರೆ ದೇವಕಣಗಿಲೆಯೂ ಆಗುತ್ತದೆ. ಅಂತರ್ಜಾಲದಲ್ಲಿ ‘ಚಂಪಾ’ ಎಂದು ಹುಡುಕಿದರೂ ಬಿಳಿ ಎಸಳು, ಹಳದಿ ಒಡಲಿನ ದೇವಕಣಗಿಲೆಯೇ ಮುಂದೆ ಬರುತ್ತದೆ. ಆ ಮರದ ತವರು ಅಮೆರಿಕ ಖಂಡ. ಒಂಬತ್ತನೇ ಶತಮಾನದ ಸುಮಾರಿಗೆ ರೂಪುಗೊಂಡ ಪಹ್ಲವಿ ಗ್ರಂಥದಲ್ಲಿ ಅದು ಇರಲು ಸಾಧ್ಯವಿಲ್ಲ. ಬರೆಯಬೇಕಾದ್ದು ಕೆಂಡಸಂಪಿಗೆ: ಉದ್ದನೆಯ ಕಿರಿದಾದ ಎಸಳುಗಳು, ಎಲೆಯ ಕಂಕುಳಲ್ಲಿ ಒಂಟಿಯಾಗಿ ಅರಳುವ ಹೂ, ಹಳದಿಯಿಂದ ಕೇಸರಿಗೆ ತಿರುಗುವ ಬಣ್ಣ. ಮರವನ್ನು ಕಣ್ಣಾರೆ ಕಂಡು ಬೆಳೆದ ಕನ್ನಡದ ಚಿತ್ರಕಾರರಿಗೆ ಇದು ಕಷ್ಟವಾಗದು.

ಹಿನ್ನೆಲೆಗೆ ಸೈಪ್ರಸ್ ಮರ ಒಪ್ಪುತ್ತದೆ. ಸದಾ ಹಸುರಾದ ಆ ಮರವನ್ನು ಇರಾನಿಯರು ಅಳಿವಿಲ್ಲದ ಬಾಳಿನ ಗುರುತಾಗಿ ಕಂಡವರು. ಯಜ್ದ್ ಪ್ರಾಂತ್ಯದ ಅಬರ್ಕೂಹ್‌ನಲ್ಲಿರುವ ಸೈಪ್ರಸ್‌ಗೆ ನಾಲ್ಕು ಸಾವಿರ ವರ್ಷ ಎನ್ನುತ್ತಾರೆ.

ಒಂದು ಮಾತು ಉಳಿಯಿತು. ಅಮೆರೆತಾತ್ ಒಂಟಿಯಾಗಿ ಬರುವವಳಲ್ಲ. ಜರತುಷ್ಟ್ರನ ಗಾಥೆಗಳೆಂಬ ಸ್ತೋತ್ರಗಳಲ್ಲಿ ಅವಳ ಹೆಸರು ಸಾಮಾನ್ಯವಾಗಿ ಹೌರ್ವತಾತ್ ಜೊತೆಗೇ ಬರುತ್ತದೆ. ಹೌರ್ವತಾತ್ ಪೂರ್ಣತೆಯ ಶಕ್ತಿ, ನೀರಿನ ಕಾವಲು. ಹಸುವನ್ನೂ ನೀರನ್ನೂ ಗಿಡಗಳನ್ನೂ ರೂಪಿಸಿದವನೇ, ನನಗೆ ಅಮರತ್ವವನ್ನೂ ಪೂರ್ಣತೆಯನ್ನೂ ಕೊಡು ಎಂದು ಒಂದು ಗಾಥೆ ಬೇಡುತ್ತದೆ. ಪುಟದಲ್ಲಿ ಇಬ್ಬರಿಗೂ ಜಾಗ ಇಲ್ಲದಿದ್ದರೆ ಹೌರ್ವತಾತ್‌ಳ ಕೈ ಮಾತ್ರ ಅಂಚಿನಿಂದ ಬಂದು ಕುಟ್ಟಾಣಿಗೆ ನೀರೆರೆಯುವಂತೆ ಬರೆಯಬಹುದು.