ಯಾವುದರ ಪರ್ಸೆಂಟು?

ಸಿನಿಮಾ ಕರಾರು ಹಿಡಿದು ಬರುವವರ ಮೊದಲ ಮಾತು ಒಂದೇ: 'ಸರ್, ಲಾಭದಲ್ಲಿ 50 ಪರ್ಸೆಂಟ್ ಕೊಡ್ತಾರಂತೆ.' ಬೆನ್ನಿಗೇ ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ ಉದಾಹರಣೆ: ಸಂಬಳ ಬಿಟ್ಟು ಲಾಭದ ಪಾಲು ಹಿಡಿದು ದುಡ್ಡು ಮಾಡಿದವನಂತೆ. 'ಲಾಭ' ಎಂದರೇನೆಂದು ಬರೆದಿರುವ ಪುಟವನ್ನು ಮಾತ್ರ ಯಾರೂ ತಿರುವಿರುವುದಿಲ್ಲ.

ಸ್ಟೀವರ್ಟ್ ಕಥೆ ನಿಜ. ಆತನ ಸಂಭಾವನೆ 2 ಲಕ್ಷ ಡಾಲರ್. ಅಷ್ಟು ಕೊಡಲು ಯೂನಿವರ್ಸಲ್ ಸ್ಟುಡಿಯೊ ತಯಾರಿರಲಿಲ್ಲ. ಏಜೆಂಟ್ ಲ್ಯೂ ವಾಸರ್‌ಮನ್ ಸಂಬಳದ ಬದಲು ಲಾಭದಲ್ಲಿ ಪಾಲು ಕೇಳಿದರು. 1950ರ 'ವಿಂಚೆಸ್ಟರ್ '73' ಒಂದರಿಂದಲೇ ಸ್ಟೀವರ್ಟ್‌ಗೆ ಸುಮಾರು 6 ಲಕ್ಷ ಡಾಲರ್ ಬಂತು. ಆದರೆ ಅದು ಕಪ್ಪು-ಬಿಳುಪು ಚಿತ್ರ, ನಾಯಕನ ಸಂಬಳವೂ ಬಜೆಟ್ಟಿನಲ್ಲಿಲ್ಲ. ಸಂಬಳ ಬಿಟ್ಟದ್ದರಿಂದಲೇ ಚಿತ್ರ ಅಸಲು ದಾಟುವ ಗೆರೆ ಕೆಳಗಿಳಿಯಿತು. ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಅಷ್ಟೇ ಪರ್ಸೆಂಟು ಅಷ್ಟೇ ದುಡ್ಡು ತರುವುದಿಲ್ಲ.

ಲೆಕ್ಕ ಹಾಕಿ ನೋಡೋಣ, ಅಂಕಿಗಳು ಕಾಲ್ಪನಿಕ. ಗಲ್ಲಾಪೆಟ್ಟಿಗೆಗೆ 100 ಲಕ್ಷ ಬಂತು. ಅರ್ಧ ಥಿಯೇಟರಿನವರದು; ಸ್ಟುಡಿಯೊ ಕೈಗೆ 50. ಅದರಲ್ಲಿ ವಿತರಣೆಯ ಕಮಿಷನ್ 30 ಪರ್ಸೆಂಟ್, ಅಂದರೆ 15. ಪ್ರಿಂಟು, ಪಬ್ಲಿಸಿಟಿಗೆ 12. ಉಳಿದದ್ದು 23. ಚಿತ್ರ ತಯಾರಿಕೆಗೆ 20, ಅದರ ಮೇಲೆ ಸ್ಟುಡಿಯೊ ಓವರ್‌ಹೆಡ್ (ಸ್ಟುಡಿಯೊ ನಡೆಸುವ ಸಾಮಾನ್ಯ ಖರ್ಚು) 15 ಪರ್ಸೆಂಟ್, ಅಂದರೆ 3. ಸೊನ್ನೆಗೆ ಬಂತು. ಇನ್ನು 20 ಲಕ್ಷದ ಬಡ್ಡಿ 1 ಲಕ್ಷ ಎಂದಿಟ್ಟುಕೊಳ್ಳಿ: ಚಿತ್ರ ನಷ್ಟದಲ್ಲಿದೆ! 50 ಪರ್ಸೆಂಟಿನವನಿಗೆ ಸಿಗುವುದು ಏನೂ ಇಲ್ಲ. ಸ್ಟುಡಿಯೊ ಕೈಗೆ ಬಂದ 50ರ ಮೇಲೆಯೇ ಬರೀ 10 ಪರ್ಸೆಂಟ್ ಬರೆಸಿಕೊಂಡಿದ್ದವನು 5 ಲಕ್ಷ ಎಣಿಸಿಕೊಳ್ಳುತ್ತಾನೆ. ಕಮಿಷನ್, ಓವರ್‌ಹೆಡ್, ಬಡ್ಡಿ ಮೂರೂ ಸ್ಟುಡಿಯೊ ತನಗೆ ತಾನೇ ಕಟ್ಟಿಕೊಳ್ಳುವ ದುಡ್ಡು ಎಂಬುದನ್ನು ಗಮನಿಸಿ.

ಹಾಗಾಗಿ ಪರ್ಸೆಂಟಿಗೆ ಚೌಕಾಸಿ ಮಾಡುವ ಮುನ್ನ ಅದನ್ನು ಲೆಕ್ಕದ ಯಾವ ಹಂತದ ಮೊತ್ತದ ಮೇಲೆ ಎಣಿಸುತ್ತಾರೆ, ಯಾವ ಖರ್ಚಿಗೆ ಮಿತಿ ಇದೆ, ಲೆಕ್ಕಪುಸ್ತಕ ತಪಾಸಣೆ ಮಾಡಿಸುವ ಹಕ್ಕು ನಿಮಗಿದೆಯೇ ಎಂದು ಕೇಳಿ. ಪ್ರತಿ ಕರಾರಿನ ಭಾಷೆ ಬೇರೆ, ಓದದೆ ಯಾರೂ ಖಚಿತವಾಗಿ ಹೇಳಲಾರರು.

ತೆರಿಗೆಯ ವಿಷಯ ಚಿಕ್ಕದಾಗಿ. 1954ರಿಂದ 1963ರವರೆಗೆ ಅಮೆರಿಕದಲ್ಲಿ ಗಂಡ-ಹೆಂಡತಿಯ ಜಂಟಿ ಆದಾಯ 4 ಲಕ್ಷ ಡಾಲರ್ ದಾಟಿದರೆ ಮೇಲಿನದಕ್ಕೆ 91 ಪರ್ಸೆಂಟ್ ತೆರಿಗೆ. ತೆರಿಗೆಗೆ ಒಳಪಡುವ 6 ಲಕ್ಷ ಒಂದೇ ವರ್ಷ ಬಂದರೆ, ಕೊನೆಯ 2 ಲಕ್ಷದಲ್ಲಿ ಕೈಗೆ ಉಳಿಯುವುದು 18,000. ಮೂರು ವರ್ಷಕ್ಕೆ ಹಂಚಿದರೆ ಪ್ರತಿ ವರ್ಷವೂ 20 ಪರ್ಸೆಂಟಿನ ಸ್ಲ್ಯಾಬಿನಿಂದ ಎಣಿಕೆ ಶುರು. ಪಾಲಿನ ದುಡ್ಡು ನಿಧಾನಕ್ಕೆ ಬರುವುದೇ ಅದರ ಗುಣ. ಅಂತರ್ಜಾಲದಲ್ಲಿ ಬರುವ ನಟರ 'ಒಟ್ಟು ಆಸ್ತಿ' ಅಂಕಿ ನಂಬಿ ಕೂರುವವರ ತಲೆಗೆ ಇದು ಹೋಗುವುದೇ ಇಲ್ಲ.

ಇನ್ನು 'ಚಿತ್ರದ ಒಡೆತನದಲ್ಲೇ ಪಾಲು ಕೊಟ್ಟರೆ?' ಎನ್ನುವವರು. ಒಳ್ಳೆಯದೇ, ಕಥೆಯ ಹಕ್ಕಿನ ಕಾಗದ ನೋಡಿದ್ದರೆ. ಕಾರ್ನೆಲ್ ವುಲ್‌ರಿಚ್ ಎಂಬ ಲೇಖಕ 1945ರಲ್ಲಿ ಆರು ಕಥೆಗಳ ಚಿತ್ರದ ಹಕ್ಕನ್ನು 9,250 ಡಾಲರಿಗೆ ಮಾರಿದ್ದ. ಅದರಲ್ಲೊಂದರ ಹಕ್ಕನ್ನು 1953ರಲ್ಲಿ ಸ್ಟೀವರ್ಟ್ ಮತ್ತು ನಿರ್ದೇಶಕ ಹಿಚ್‌ಕಾಕ್ ಅವರ ಕಂಪನಿ 10,000 ಡಾಲರಿಗೆ ಕೊಂಡಿತು. ಮರುವರ್ಷ 'ರಿಯರ್ ವಿಂಡೊ' ಬಂತು. ಆಗಿನ ಕಾನೂನಿನಲ್ಲಿ ಕೃತಿಸ್ವಾಮ್ಯ 28 ವರ್ಷಕ್ಕೆ ನವೀಕರಣವಾಗಬೇಕಿತ್ತು. ನವೀಕರಿಸಿ ಕೊಡುತ್ತೇನೆಂದು ವುಲ್‌ರಿಚ್ ಮಾತು ಕೊಟ್ಟಿದ್ದ, ಆದರೆ ಗಡುವಿಗೆ ಮೊದಲೇ, 1968ರಲ್ಲಿ ತೀರಿಕೊಂಡ. ನವೀಕರಿಸಿದ ಹಕ್ಕನ್ನು ಶೆಲ್ಡನ್ ಅಬೆಂಡ್ ಎಂಬಾತ 650 ಡಾಲರ್ ಮತ್ತು ಮುಂದಿನ ಗಳಿಕೆಯಲ್ಲಿ 10 ಪರ್ಸೆಂಟ್ ಕೊಟ್ಟು ಕೊಂಡ. ಚಿತ್ರದ ಮರುಬಿಡುಗಡೆ 1.2 ಕೋಟಿ ಡಾಲರ್ ಮೀರಿ ದುಡಿದಾಗ ಅಬೆಂಡ್ ಮೊಕದ್ದಮೆ ಹೂಡಿದ: ವುಲ್‌ರಿಚ್ ನವೀಕರಣಕ್ಕೆ ಮೊದಲೇ ಸತ್ತದ್ದರಿಂದ ಆತ ಕೊಟ್ಟ ಮಾತು ಹಕ್ಕಿನ ಹೊಸ ಒಡೆಯನನ್ನು ಕಟ್ಟಿಹಾಕದು ಎಂದು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಿಂದ ಅಬೆಂಡ್ ಪರ ತೀರ್ಪಿತ್ತಿತು. ಹಿಚ್‌ಕಾಕ್ ಸತ್ತು ಸುಮಾರು ಹತ್ತು ವರ್ಷವಾಗಿತ್ತು. 81 ವರ್ಷದ ನಟನ ಹೆಸರು ತೀರ್ಪಿನ ತಲೆಬರಹದಲ್ಲೇ ಇದೆ: ಸ್ಟೀವರ್ಟ್ ವಿರುದ್ಧ ಅಬೆಂಡ್.