ಹತ್ತಿ ಬೆಳೆಯುವ ನಾಡಿನ ಐಸ್ ಹಾಕಿ ತಂಡ

ಅಮೆರಿಕದ ಅಲಬಾಮ ಅಂದರೆ ಹತ್ತಿ ಹೊಲ, ಸೆಕೆ, ಅಮೆರಿಕನ್ ಫುಟ್‌ಬಾಲ್ ಹುಚ್ಚು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೂ ಈ ರಾಜ್ಯಕ್ಕೂ ಎತ್ತಣ ಸಂಬಂಧ? ಆದರೂ ಅಲ್ಲಿನ ಹಂಟ್ಸ್‌ವಿಲ್‌ನಲ್ಲಿರುವ ಅಲಬಾಮ ವಿಶ್ವವಿದ್ಯಾಲಯದ ತಂಡ ನಲವತ್ತು ವರ್ಷ ಈ ಆಟ ಆಡಿತು. 2021ರ ಮೇ ತಿಂಗಳಲ್ಲಿ ನಿಂತುಹೋಯಿತು. ಸೋಲು ಇತ್ತು, ದುಡ್ಡಿನ ಕಷ್ಟವೂ ಇತ್ತು. ಕೊನೆಯ ಪೆಟ್ಟು ಬಿದ್ದಿದ್ದು ಮಾತ್ರ ಬೇರೆ ಕಡೆಯಿಂದ: ಜೊತೆಗೆ ಆಡಲು ಯಾರೂ ಸೇರಿಸಿಕೊಳ್ಳಲಿಲ್ಲ.

ಹಂಟ್ಸ್‌ವಿಲ್ ರಾಕೆಟ್ಟಿನ ಊರು. ಚಂದ್ರನತ್ತ ಹೋದ ಸ್ಯಾಟರ್ನ್ 5 ರೂಪುಗೊಂಡಿದ್ದು ಇಲ್ಲಿನ ನಾಸಾ ಕೇಂದ್ರದಲ್ಲಿ. ಅದಕ್ಕಾಗಿ ಹೊರಗಿನಿಂದ ಸಾವಿರಾರು ಜನ ಬಂದು ನೆಲೆಸಿದ್ದರಿಂದ, ಇದು ಸುತ್ತಲಿನ ಊರುಗಳ ಹಾಗೆ ಇರಲಿಲ್ಲ. ತಂಡದ ಅಂಗಣಕ್ಕೂ ರಾಕೆಟ್ ವಿಜ್ಞಾನಿ ವಾನ್ ಬ್ರೌನ್ ಹೆಸರೇ. 1979ರಲ್ಲಿ ತಂಡ ಶುರುವಾದಾಗ ಅದು ಬರೀ ವಿದ್ಯಾರ್ಥಿ ಕ್ಲಬ್. 1982ರಲ್ಲಿ ಕೋಚ್ ಆಗಿ ಬಂದ ಡಗ್ ರಾಸ್, ಅಮೆರಿಕದ ಪರವಾಗಿ 1976ರ ಒಲಿಂಪಿಕ್ಸ್ ಆಡಿದ್ದವರು. ಬಂದವರು 25 ವರ್ಷ ಅಲ್ಲೇ ಉಳಿದರು. ಅವರ ಕಾಲದಲ್ಲೇ ಕ್ಲಬ್ ಹೋಗಿ ವಿಶ್ವವಿದ್ಯಾಲಯದ ಅಧಿಕೃತ ತಂಡವಾಯಿತು. 1996 ಮತ್ತು 1998ರಲ್ಲಿ ಎರಡನೇ ಡಿವಿಜನ್ನಿನ ರಾಷ್ಟ್ರೀಯ ಪಟ್ಟ ಗೆದ್ದಿತು. ಎರಡು ಸಲವೂ ಸೋತಿದ್ದು ಬೆಮಿಡ್ಜಿ ಸ್ಟೇಟ್, ಅದೂ ಕೆರೆಗಳೇ ಹೆಪ್ಪುಗಟ್ಟುವ ಮಿನೆಸೋಟದ ತಂಡ!

ಆಮೇಲೆ ಆ ಡಿವಿಜನ್ನೇ ಮುಚ್ಚಿತು. ದೊಡ್ಡವರ ಜೊತೆ ಮೊದಲನೇ ಡಿವಿಜನ್ನಿನಲ್ಲಿ ಆಡಬೇಕಾಯಿತು. ತೊಡಕು ಶುರುವಾದದ್ದು ಇಲ್ಲಿಂದಲೇ.

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾನ್ಫರೆನ್ಸ್ ಅಂತ ಒಂದು ಏರ್ಪಾಡು ಇದೆ. ಕೆಲವು ತಂಡಗಳು ಗುಂಪು ಕಟ್ಟಿಕೊಂಡು ವರ್ಷವಿಡೀ ತಮ್ಮತಮ್ಮಲ್ಲೇ ಆಡುತ್ತವೆ. ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಟಿಕೆಟ್. ಗುಂಪು ಇಲ್ಲದಿದ್ದರೆ ಒಂದೊಂದು ಪಂದ್ಯಕ್ಕೂ ಊರೂರಿಗೆ ಫೋನ್ ಮಾಡಿ ಕೇಳಬೇಕು. ಹಂಟ್ಸ್‌ವಿಲ್ ಇದ್ದದ್ದು ಕಾಲೇಜ್ ಹಾಕಿ ಅಮೆರಿಕ ಎಂಬ ಪುಟ್ಟ ಗುಂಪಿನಲ್ಲಿ. ಅದರ ಟಿಕೆಟ್ಟಿನಲ್ಲೇ 2007ರಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗಿ, ಬಲಾಢ್ಯ ನೋಟರ್ ಡೇಮ್ ತಂಡವನ್ನು ಎರಡನೇ ಓವರ್‌ಟೈಮ್‌ವರೆಗೆ ಎಳೆದಾಡಿ 3-2ರಲ್ಲಿ ಸೋತಿತು. ಡಗ್ ರಾಸ್‌ಗೆ ಅದೇ ಕೊನೆಯ ಪಂದ್ಯ. 2010ರಲ್ಲಿ ಮತ್ತೆ ಹೋಯಿತು. ಆಗ ಗೋಲ್ ಕಾಯುತ್ತಿದ್ದ ಕ್ಯಾಮ್ ಟಾಲ್ಬಟ್ ಮುಂದೆ ಎನ್‌ಎಚ್‌ಎಲ್ ಎಂಬ ದೊಡ್ಡ ವೃತ್ತಿಪರ ಹಾಕಿ ಲೀಗ್‌ನಲ್ಲಿ ಹೆಸರು ಮಾಡಿದ.

ವಿಚಿತ್ರ ನೋಡಿ, ಗುಂಪಿನ ಚಾಂಪಿಯನ್ ಆದ ಆ ವರ್ಷವೇ ಗುಂಪು ಒಡೆಯಿತು. ಗುಂಪಿನಲ್ಲಿದ್ದ ಬೆಮಿಡ್ಜಿ, ನಯಾಗರ, ರಾಬರ್ಟ್ ಮಾರಿಸ್ ಮೂರು ತಂಡಗಳಿಗೂ ಬೇರೆ ಮನೆ ಸಿಕ್ಕಿತು. ಹಂಟ್ಸ್‌ವಿಲ್ ಬೀದಿಗೆ ಬಿತ್ತು. ದೂರ ಜಾಸ್ತಿ, ಅಲ್ವಾ? ಉತ್ತರದ ಕಾಲೇಜುಗಳಿಗೆ ಅಲಬಾಮಕ್ಕೆ ಬಂದು ಹೋಗುವ ಖರ್ಚು ಯಾಕೆ ಬೇಕು? 2011ರಲ್ಲಿ ವಿಶ್ವವಿದ್ಯಾಲಯದ ಆಡಳಿತ, ತಂಡವನ್ನು ಮತ್ತೆ ಕ್ಲಬ್ ಮಾಡುತ್ತೇವೆ ಅಂದಿತು. ಅದೇ ಡಿಸೆಂಬರ್‌ನಲ್ಲಿ ಹೊಸ ಅಧ್ಯಕ್ಷ ರಾಬರ್ಟ್ ಆಲ್ಟೆನ್‌ಕರ್ಕ್ ಆ ತೀರ್ಮಾನ ರದ್ದು ಮಾಡಿದರು. 2013ರಲ್ಲಿ ಡಬ್ಲ್ಯುಸಿಎಚ್‌ಎ ಎಂಬ ಗುಂಪು ಸೇರಿಸಿಕೊಂಡಿತು. ಆ ಗುಂಪಿನಲ್ಲಿ ಅಲಾಸ್ಕದ ಎರಡು ತಂಡಗಳೂ ಇದ್ದವು. ಅಲಬಾಮದಿಂದ ಅಲಾಸ್ಕಕ್ಕೆ ಹೋಗಿ ಆಡುವುದೆಂದರೆ ಸುಮ್ನೆ ಮಾತಲ್ಲ.

2019ರಲ್ಲಿ ಆ ಗುಂಪಿನ ಏಳು ತಂಡಗಳು ಹೊರಬಿದ್ದು ಬೇರೆ ಗುಂಪು ಕಟ್ಟುವುದಾಗಿ ಹೇಳಿದವು. ಬಿಟ್ಟುಹೋದದ್ದು ಯಾರನ್ನು ಅಂತ ಹೇಳಬೇಕಿಲ್ಲ: ಅಲಾಸ್ಕದ ಎರಡು, ಅಲಬಾಮದ ಒಂದು. ಮರುವರ್ಷ ಕೋವಿಡ್ ಬಂತು. 2020ರ ಮೇನಲ್ಲಿ ಹಾಕಿ ಮತ್ತು ಟೆನಿಸ್ ತಂಡಗಳನ್ನು ಕೈಬಿಡುವ ಘೋಷಣೆಯಾಯಿತು. ಹಳೆಯ ಆಟಗಾರರು, ಅಭಿಮಾನಿಗಳು ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಡಾಲರ್ ಒಟ್ಟುಮಾಡಿ ಹಾಕಿ ತಂಡವನ್ನು ಉಳಿಸಿಕೊಂಡರು. ಆದರೆ ಆ ದುಡ್ಡು ಒಂದು ವರ್ಷದ ಆಟ ಕೊಂಡುಕೊಟ್ಟಿತೇ ಹೊರತು ಒಂದು ಗುಂಪನ್ನಲ್ಲ. ವರ್ಷ ಕಳೆದರೂ ಯಾವ ಕಾನ್ಫರೆನ್ಸೂ ಬಾ ಅನ್ನಲಿಲ್ಲ. ಕಾನ್ಫರೆನ್ಸ್ ಸಿಗುವವರೆಗೆ ಆಟ ನಿಲ್ಲಿಸಿದ್ದೇವೆ ಅಂತ ವಿಶ್ವವಿದ್ಯಾಲಯ ಹೇಳಿತು.

ಅಲಾಸ್ಕದವರು ಗುಂಪಿಲ್ಲದೆಯೇ ಮುಂದುವರಿದರು. ಅವೆರಡರಲ್ಲಿ ಒಂದಾದ ಆಂಕರೇಜ್ ತಂಡ ನಡುವೆ ನಿಂತರೂ, ದುಡ್ಡು ಎತ್ತಿ, 2022ರಲ್ಲಿ ವಾಪಸ್ ಬಂತು. ಅಲ್ಲಿ ಹಾಕಿ ಬಿಟ್ಟರೆ ಚಳಿಗಾಲಕ್ಕೆ ಇನ್ನೇನಿದೆ? ಅಲಬಾಮದಲ್ಲಿ ಫುಟ್‌ಬಾಲ್ ಇದೆ. ಹಾಗಂತ ಹಂಟ್ಸ್‌ವಿಲ್‌ನ ಐಸ್ ಕರಗಿಲ್ಲ. ವಾನ್ ಬ್ರೌನ್ ಸೆಂಟರ್‌ನಲ್ಲಿ ಹ್ಯಾವಕ್ ಎಂಬ ವೃತ್ತಿಪರ ತಂಡ ಆಡುತ್ತದೆ, ಊರಿನ ಜನ ಟಿಕೆಟ್ ತೆಗೆದುಕೊಂಡು ನೋಡಲು ಹೋಗುತ್ತಾರೆ.