ಸೀತಾಳೆ ದಂಡೆ ಮನೆಗೆ ಬೇಕೆಂದರೆ

ಮೇ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ನಮ್ಮ ನರ್ಸರಿಗೆ ಒಂದೇ ಥರದ ಫೋನ್ ಶುರುವಾಗುತ್ತದೆ. ‘ಸೀತಾಳೆ ಸಿಗುತ್ತಾ?’ ಮರದ ಮೇಲೆ ಬೆಳೆಯುವ ನಮ್ಮ ಕಾಡಿನ ಆರ್ಕಿಡ್ ಅದು. ಇಲ್ಲ ಎಂದರೆ ಮುಂದಿನ ಪ್ರಶ್ನೆ: ‘ಕಾಡಿಂದ ತಂದು ಕಟ್ಟಿದರೆ ಬದುಕುತ್ತಾ?’

ಕೇಳುವವರ ಆಸೆ ನನಗೆ ಅರ್ಥವಾಗುತ್ತದೆ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ಹಳೇ ಮತ್ತಿ ಮರದ ಕೊಂಬೆಯಿಂದ ಗೇಣಿಗಿಂತ ಉದ್ದದ ಹೂಗೊಂಚಲು ಇಳಿಬಿದ್ದದ್ದನ್ನು ಕಂಡರೆ ಯಾರಿಗಾದರೂ ಗಾಡಿ ನಿಲ್ಲಿಸಬೇಕು ಅನ್ನಿಸುತ್ತದೆ. ಒಂದು ಗೊಂಚಲಿನಲ್ಲಿ ನೂರಕ್ಕೂ ಜಾಸ್ತಿ ಹೂ. ಬಿಳಿ ಎಸಳು, ಅದರ ಮೇಲೆ ನೇರಳೆ-ಗುಲಾಬಿ ಚುಕ್ಕೆ. ಯಾರೋ ಕೂತು ಒತ್ತೊತ್ತಾಗಿ ಕಟ್ಟಿದ ದಂಡೆಯ ಹಾಗೇ ಇರುತ್ತದೆ, ಅದಕ್ಕೇ ಆ ಹೆಸರು. ಅಸ್ಸಾಮಿನಲ್ಲೂ ಬಿಹು ಕುಣಿಯುವ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ. ಅಲ್ಲಿ ಇದು ರಾಜ್ಯದ ಹೂವು. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ‘ರೆಟ್ಯೂಸಾ’ ಎಂದದ್ದು ಎಲೆಯ ತುದಿ ನೋಡಿ. ಮುಟ್ಟಿ ನೋಡಿ, ಹುಳ ಕಚ್ಚಿದ ಹಾಗೆ ಮೊಂಡಾಗಿರುತ್ತದೆ. ಅದು ರೋಗವಲ್ಲ, ಹುಟ್ಟಿದ್ದೇ ಹಾಗೆ.

ಇಡೀ ದೇಶದ ಲೆಕ್ಕದಲ್ಲಿ ಇದು ಅಪರೂಪದ ಗಿಡ ಅಲ್ಲ. ಆದರೆ ನಾನು ಓಡಾಡುವ ರಸ್ತೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ರಸ್ತೆ ಅಗಲ ಮಾಡುವಾಗ ಹಳೇ ಮರ ಹೋಗುತ್ತದೆ. ಕೈಗೆಟುಕುವ ಕೊಂಬೆಯಲ್ಲಿ ಉಳಿದದ್ದನ್ನು ನಾವೇ ಕೀಳುತ್ತೇವೆ.

ಕೆಲವು ವರ್ಷದ ಹಿಂದೆ ಒಬ್ಬ ಅಕ್ಕ ಗೊಬ್ಬರದ ಚೀಲದಲ್ಲಿ ಐದು ಗಿಡ ಹೊತ್ತು ತಂದರು. ದಾರಿಬದಿಯಲ್ಲಿ ಯಾರೋ ಮಾರುತ್ತಿದ್ದರಂತೆ. ‘ತಮ್ಮಾ, ನೀರು ಕಡಿಮೆ ಆಯ್ತಾ ನೋಡು’ ಎಂದರು. ಬುಡ ತಿರುಗಿಸಿ ನೋಡಿದೆ. ಬೆರಳುದ್ದ ಬಿಟ್ಟು ಬೇರೆಲ್ಲ ತುಂಡಾಗಿತ್ತು. ಎಲೆ ನಡುವೆ ಮಡಚಿಕೊಂಡು ಸುಕ್ಕುಗಟ್ಟಿತ್ತು. ನೀರಿನ ತಪ್ಪಲ್ಲ ಅದು. ಕುಡಿಯುವ ಬಾಯಿಯೇ ಮರದ ಮೇಲೆ ಉಳಿದುಹೋಗಿತ್ತು.

ಸೀತಾಳೆಯ ಬೇರು ಮಣ್ಣಿಗಿಳಿಯುವ ಬೇರಲ್ಲ. ಅದರ ಹೊರಗೆ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ಒಣಗಿದಾಗ ಬೂದು ಬಣ್ಣ. ನೀರು ಬಿದ್ದರೆ ಕ್ಷಣದಲ್ಲಿ ಹಸಿರಾಗುತ್ತದೆ. ಮಳೆ, ಇಬ್ಬನಿ ಹೀರಿ ಇಟ್ಟುಕೊಳ್ಳುವುದು ಆ ಪದರವೇ. ಬೇರು ತೊಗಟೆಗೆ ಅಂಟು ಹಾಕಿದ ಹಾಗೆ ಹಿಡಿದುಕೊಂಡಿರುತ್ತದೆ. ಎಳೆದರೆ ಆ ಪದರ ಸುಲಿದು ಮರದಲ್ಲೇ ನಿಲ್ಲುತ್ತದೆ. ಕಿತ್ತ ಗಿಡ ತಿಂಗಳುಗಟ್ಟಲೆ ಹಸಿರಾಗಿ ಕಾಣುವುದು ದಪ್ಪ ಎಲೆಯಲ್ಲಿ ಕೂಡಿಟ್ಟ ನೀರಿನಿಂದ. ಬದುಕಿತು ಎಂದು ನಾವು ಸಮಾಧಾನ ಪಡುವಾಗ ಅದು ಸಾಯುತ್ತಿರುತ್ತದೆ.

ಹೋದ ಗಿಡದ ಜಾಗಕ್ಕೆ ಇನ್ನೊಂದು ಬೇಗ ಬರುವುದೂ ಇಲ್ಲ. ಒಂದು ಕಾಯಲ್ಲಿ ಲೆಕ್ಕವಿಲ್ಲದಷ್ಟು ಬೀಜ, ಬರೀ ಧೂಳು. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಇರುತ್ತದಲ್ವಾ, ಇದರಲ್ಲಿ ಅದಿಲ್ಲ. ತೊಗಟೆಯಲ್ಲಿರುವ ಒಂದು ಜಾತಿಯ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಸಾವಿರಾರು ಬೀಜ ಗಾಳಿಗೆ ಹೋದರೂ ಗಿಡವಾಗುವುದು ಎಲ್ಲೋ ಒಂದೆರಡು.

ಹಾಗಾದರೆ ಬೆಳೆಸಲೇಬಾರದಾ? ಖಂಡಿತ ಬೆಳೆಸಿ. ನಮ್ಮ ಮಳೆಗೆ, ನಮ್ಮ ಬಿಸಿಲಿಗೆ ಹೊಂದಿದ ಹೂ ಇದು. ದೂರದಿಂದ ತರಿಸಿದ ಆರ್ಕಿಡ್‌ಗಿಂತ ಎಷ್ಟೋ ಗಟ್ಟಿ. ಗಿಡ ಎಲ್ಲಿಂದ ಬಂತು ಎನ್ನುವುದು ಮಾತ್ರ ಮುಖ್ಯ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಸಕ್ಕರೆ ಬೆರೆಸಿದ, ಜೆಲ್ಲಿಯಂಥ ಅಗರ್‌ ಮೇಲೆ ಶಿಲೀಂಧ್ರವಿಲ್ಲದೇ ಆರ್ಕಿಡ್ ಬೀಜ ಮೊಳೆಸಿದ್ದರು. ಇವತ್ತು ಲ್ಯಾಬುಗಳಲ್ಲಿ ಬಾಟಲಿಯಲ್ಲಿ ಸಸಿ ಮಾಡುವುದು ಅದೇ ದಾರಿಯಲ್ಲಿ. ಅಂಥ ಗಿಡ ಕೇಳಿ ಕೊಳ್ಳಿ. ಗುರುತಿಸುವುದು ಕಷ್ಟವಿಲ್ಲ. ಲ್ಯಾಬಿನ ಗಿಡಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಎಲೆ ಚೊಕ್ಕ, ಬೇರು ಕುಂಡವನ್ನು ಸುತ್ತಿಕೊಂಡಿರುತ್ತದೆ. ಬುಡದಲ್ಲಿ ತೊಗಟೆಯ ಚೂರು, ತುಂಡಾದ ಬೇರು, ಹಳೇ ಎಲೆ ಮೇಲೆ ಕಲ್ಲುಹೂವಿನ ಕಲೆ ಕಂಡರೆ ಅದು ಕಾಡಿನದು. ಸುಮ್ನೆ ವಾಪಸ್ ಬನ್ನಿ. ನೀವು ಕೊಂಡರೆ ಅವರು ನಾಳೆ ಇನ್ನೊಂದು ಮರ ಹತ್ತುತ್ತಾರೆ.

ಇನ್ನೊಂದು ದಾರಿ, ನಿಮ್ಮ ಅಂಗಳದ ಮರದ ಕೊಂಬೆ ಗಾಳಿಗೆ ಮುರಿದು ಬಿದ್ದಾಗ ಅದರಲ್ಲಿದ್ದ ಗಿಡ. ಬಿಡಿಸಬೇಡಿ, ಕೊಂಬೆಯ ತುಂಡಿನ ಸಮೇತ ಕತ್ತರಿಸಿ ಬೇರೆ ಮರಕ್ಕೆ ಕಟ್ಟಿ. ಅರಣ್ಯದಲ್ಲಿ ಬಿದ್ದದ್ದಾದರೆ ಇಲಾಖೆಯವರನ್ನು ಕೇಳದೇ ಮುಟ್ಟಬಾರದು.

ಕಟ್ಟಲು ಮಳೆ ಹಿಡಿಯುವ ಹೊತ್ತೇ ಒಳ್ಳೆಯದು. ಮಾವು, ಹಲಸು, ಮತ್ತಿಯಂಥ ಒರಟು ತೊಗಟೆಯ ಮರ ಆರಿಸಿ. ನಂದಿ, ಪೇರಲೆ ಬೇಡ. ಅವು ತೊಗಟೆ ಉದುರಿಸುತ್ತವೆ, ಅದರ ಜೊತೆ ಬೇರೂ ಹೋಗುತ್ತದೆ. ಹಳೇ ಪಂಚೆಯ ಪಟ್ಟಿಯಲ್ಲಿ ಅಲುಗಾಡದಂತೆ ಬಿಗಿಯಿರಿ. ಗಿಡ ಸ್ವಲ್ಪ ಓರೆಯಾಗಿರಲಿ. ಈ ಗಿಡಕ್ಕಿರುವುದು ಒಂದೇ ಸುಳಿ, ಅಲ್ಲಿ ನೀರು ನಿಂತು ಕೊಳೆತರೆ ಮುಗಿದಂತೆ. ಮಣ್ಣು ತುಂಬಿದ ಕುಂಡವಂತೂ ಬೇಡವೇ ಬೇಡ.

ಅಡಿಕೆ ಮರಕ್ಕೆ ಕಟ್ಟುವವರಿಗೆ ಒಂದು ಮಾತು. ಕೊನೆ ಕೊಯ್ಯುವ ಕೊನೆಗೌಡ ಹತ್ತುವಾಗ ಕಾಲಿಗೆ ಸಿಕ್ಕುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಅದರಲ್ಲಿನ ಮೈಲುತುತ್ತ ಇರುವುದೇ ಶಿಲೀಂಧ್ರ ಕೊಲ್ಲಲು. ಅದು ಸೋರುವ ಜಾಗದಲ್ಲಿ ಸೀತಾಳೆ ಇಡಬೇಡಿ. ಕಾರವಾರ, ಅಂಕೋಲಾ ಕಡೆಯವರು ಉಪ್ಪುಗಾಳಿ ನೇರ ಬಡಿಯದ, ಬೆಳಗಿನ ಬಿಸಿಲು ಮಾತ್ರ ಬರುವ ಕಡೆ ಕಟ್ಟಿ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ಅದನ್ನು ಚಿಮುಕಿಸಬೇಡಿ.

ಸೀತಾಳೆ ಮರವನ್ನು ತಿನ್ನುತ್ತದೆ ಎಂದು ಕಿತ್ತೆಸೆಯುವವರೂ ಇದ್ದಾರೆ. ದಯವಿಟ್ಟು ನಿಲ್ಲಿಸಿ. ಬಂದಳಿಕೆ ಬೇರೆ, ಇದು ಬೇರೆ. ಬಂದಳಿಕೆ ಕೊಂಬೆಯ ಒಳಗೇ ಬೇರಿಳಿಸಿ ಮರದ ನೀರು ಕುಡಿಯುತ್ತದೆ. ಸೀತಾಳೆ ಮರದ ಮೇಲೆ ಸುಮ್ಮನೆ ಕೂತಿರುತ್ತದೆ, ಅಷ್ಟೇ. ನಿಮ್ಮ ಮಾವಿನಲ್ಲಿ ತಾನಾಗಿ ಬಂದ ಒಂದು ಗಿಡ ಇದ್ದರೆ ನಿಮಗೆ ನರ್ಸರಿಯೇ ಬೇಕಿಲ್ಲ.

ಆ ಅಕ್ಕನ ಐದರಲ್ಲಿ ನಾಲ್ಕು ಆ ಮಳೆಗಾಲದಲ್ಲೇ ಹೋದವು. ಉಳಿದ ಒಂದನ್ನು ಅವರ ಹಲಸಿಗೆ ಕಟ್ಟಿದೆವು. ಮೂರು ವರ್ಷ ಬರೀ ಬೇರು ಬಿಟ್ಟಿತು, ಹೂವಿಲ್ಲ. ನಾಲ್ಕನೇ ವರ್ಷ ಒಂದೇ ಒಂದು ದಂಡೆ ಬಂತು. ಮೊಮ್ಮಗಳು ಮುಡಿಯಲು ಕೇಳಿದರೂ ಅಕ್ಕ ಕೊಯ್ಯಲು ಬಿಡಲಿಲ್ಲ. ಮೊನ್ನೆ ಫೋನ್ ಮಾಡಿ, ‘ತಮ್ಮಾ, ಮೂರು ಕಾಯಿ ನಿಂತಿದೆ, ಒಡೆಯುವ ತನಕ ಮುಟ್ಟುವುದಿಲ್ಲ’ ಎಂದರು.